ಮೆಟ್ಟಿಲ ಕೆಳಗಿನ ಮನಸ್ಸಿನ ಮೇಡಂ

ಗಣಿಗಳ ಕಬ್ಬಿಣದ ಅದಿರೆಲ್ಲ ಚೀನಾಕ್ಕೆ ಹೋಗುತ್ತಿದ್ದ ಕಾಲದಲ್ಲಿ ಹೊಸಪೇಟೆಯಲ್ಲಿ ಎದ್ದ ಆ ಪ್ರಾಥಮಿಕ ಶಾಲೆಯ ಜಾಹೀರಾತಿನಲ್ಲಿ, ಈಜುಕೊಳಕ್ಕೂ ಎಸಿ ಬಸ್ಸಿಗೂ ನಡುವೆ, ಮಕ್ಕಳ ಮನಶ್ಶಾಸ್ತ್ರಜ್ಞೆ ಗಂಗಾಂಬಿಕಾ ಮೇಡಂ ಹೆಸರಿತ್ತು. ಈಜುಕೊಳಕ್ಕೆ ಇನ್ನೂ ನೀರು ಬಂದಿರಲಿಲ್ಲ; ಮೇಡಂಗೆ ಇನ್ನೂ ಕೋಣೆ ಸಿಕ್ಕಿರಲಿಲ್ಲ. ಹಾಗಾಗಿ ಜನರೇಟರ್ ಪಕ್ಕದ ಮೆಟ್ಟಿಲ ಕೆಳಗೆ ಕೂತು ಮಕ್ಕಳ ಗುಟ್ಟುಗಳನ್ನು ಕೂಗಿ ಕೂಗಿ ಕೇಳುತ್ತಿದ್ದರು. ಗಣಿತದ ಟೀಚರ್ ರಜೆ ಹಾಕಿದರೆ ಮಗ್ಗಿ ಹೇಳಿಸುವುದು, ಮಂತ್ರಿಗಳು ಬಂದರೆ ಆರತಿ ಹಿಡಿಯುವುದು, ಎಲ್ಲವೂ ಮನಶ್ಶಾಸ್ತ್ರವೇ. ಅಪ್ಪಂದಿರು ಲಾರಿಯನ್ನು ಗ್ಯಾರೇಜಿಗೆ ಬಿಟ್ಟಂತೆ ಮಕ್ಕಳನ್ನು ಬಿಟ್ಟು, “ಸಂಜಿಗೆ ರೆಡಿ ಆಗ್ತೈತೇನ್ರಿ?” ಎನ್ನುತ್ತಿದ್ದರು. “ಮನ್ಯಾಗ ಸ್ವಲ್ಪ ಕುಂತು ಮಾತಾಡ್ಸ್ರಿ” ಎಂಬುದೇ ಮೇಡಂ ಕೊಡುತ್ತಿದ್ದ ಔಷಧಿ. ಅಷ್ಟರಲ್ಲಿ ಅಪ್ಪಂದಿರ ಎರಡೂ ಮೊಬೈಲು ಬಡಿದುಕೊಳ್ಳುತ್ತಿದ್ದವು. ಎರಡನೇ ತರಗತಿಯ ಸುಕನ್ಯಾಳನ್ನಂತೂ ಹೊಟ್ಟೆನೋವೆಂದು ಕ್ಲಾಸ್ ಟೀಚರು ವಾರಕ್ಕೆ ಮೂರು ಸಲ ಮೇಡಂ ಹತ್ತಿರ ಕಳಿಸುತ್ತಿದ್ದರು. ಗಣಿ ಮಾಲೀಕರ ಮಗಳು. ಮನೆಯಲ್ಲಿ ತಾಯಿ ಇಲ್ಲ, ಟೀವಿ ನಾಲ್ಕಿವೆ. ಮೇಡಂ ಮುಂದೆ ಕೂತ ಕೂಡಲೇ ನೋವು ಮರೆತು ಹಿಂದಿನ ದಿನದ ಕಥೆಯನ್ನೆಲ್ಲ ಹೇಳಿಬಿಡುತ್ತಿದ್ದಳು. ವರ್ಷದ ಕೊನೆಗೆ ಹೆಡ್‌ಮಾಸ್ಟರು ವರದಿ ಕೇಳಿದರು: “ಆರಾಮಾಗ್ಯಾಳ ಅಂತ ಬರೀರಿ ಮೇಡಂ, ಕಳ್ಸೋದು ಬಂದ್ ಮಾಡಾಣ.” ಹುಡುಗಿಗೆ ಯಾವ ಕಾಯಿಲೆಯೂ ಇಲ್ಲವೆಂದು ಮೇಡಂಗೆ ಮೊದಲ ದಿನವೇ ಗೊತ್ತಾಗಿತ್ತು. ಜೀವಮಾನದಲ್ಲಿ ಸುಳ್ಳು ವರದಿ ಬರೆಯದ ಆಕೆ ಪೆನ್ನು ತೆಗೆದು, “ಸಮಸ್ಯೆ ಗಂಭೀರವಾಗಿದೆ, ಇನ್ನೊಂದು ವರ್ಷ ಚಿಕಿತ್ಸೆ ಮುಂದುವರಿಯಬೇಕು” ಎಂದು ಬರೆದು, ದುಂಡಗೆ ಸಹಿ ಹಾಕಿದರು.