ವಿಜೇತಾ ಟೀಚರ್ ಶಾಲೆ ಬಿಟ್ಟದ್ದು

ಮಹೇಶ್ವರರಿಗೆ ಮಗಳ ಬಗ್ಗೆ ಇದ್ದದ್ದು ಒಂದೇ ಆಸೆ: ಅವಳು ಫ್ಯಾನಿನ ಕೆಳಗೆ ಕೂತು ಸಂಬಳ ತೆಗೆದುಕೊಳ್ಳಬೇಕು. ಕಾಸರಗೋಡು ಪೇಟೆಯ ಹತ್ತಿರದ ವಿದ್ಯಾನಗರದಲ್ಲಿ ಅವರದ್ದು ಸ್ವಂತ ಡ್ರೈವಿಂಗ್ ಸ್ಕೂಲು. ಒಂದು ಬಾಡಿಗೆ ಕೋಣೆ, ಎರಡು ಕಾರು, ಒಂದು ಸ್ಕೂಟರು. ಕಲೆಕ್ಟರೇಟಿನ ಗುಮಾಸ್ತರಲ್ಲಿ ಎಷ್ಟೋ ಮಂದಿ ಅವರ ಬೈಗುಳ ಕೇಳುತ್ತ ಕ್ಲಚ್ ಒತ್ತಲು ಕಲಿತವರು. ಆದರೆ ಮಗಳು ವಿಜೇತಾ ಆ ಕಾರುಗಳ ಬಳಿ ಸುಳಿದರೆ ಅವರಿಗೆ ಹಿತವಾಗುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಸ್ಕೂಲು ಶುರು ಮಾಡುವ ಮೊದಲು ಅವರು ಲಾರಿ ಓಡಿಸುತ್ತಿದ್ದರು. ವಿಜೇತಾಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಹೋದ ದಿನ, ಕೆಲಸದಿಂದ ನೇರ ಹೋದ ಕಾರಣ ಮೈಮೇಲೆ ಕಾಕಿ ಅಂಗಿಯಿತ್ತು. ಆಫೀಸಿನಲ್ಲಿದ್ದವನು ತಲೆಯೆತ್ತಿ ನೋಡಿ, "ಡ್ರೈವರು ಹೊರಗೆ ನಿಲ್ಲಲಿ, ಮಗುವಿನ ತಂದೆಯನ್ನು ಕಳಿಸು" ಅಂದ. ಮಹೇಶ್ವರರು ಜಗಳಾಡಲಿಲ್ಲ. ಹೊರಗೆ ಬಂದು, ಸ್ವಲ್ಪ ಹೊತ್ತು ನಿಂತು, ಮತ್ತೆ ಒಳಗೆ ಹೋಗಿ "ತಂದೆ ನಾನೇ" ಅಂದರು. ಬೆರಳು ಹಿಡಿದುಕೊಂಡಿದ್ದ ವಿಜೇತಾಳಿಗೆ ಅಪ್ಪನ ಕೈ ಬೆವತದ್ದು ಈಗಲೂ ನೆನಪಿದೆ.

ಹಾಗಾಗಿ ಅವಳು ಟೀಚರ್ ಟ್ರೈನಿಂಗ್ ಮುಗಿಸಿ ಸರಕಾರಿ ಕೆಲಸದ ಪಿ.ಎಸ್.ಸಿ. ಪರೀಕ್ಷೆ ಬರೆದು, ಕನ್ನಡ ಮಾಧ್ಯಮದ ಎಲ್.ಪಿ., ಅಂದರೆ ಕಿರಿಯ ಪ್ರಾಥಮಿಕ, ಶಾಲೆಯ ರ್‍ಯಾಂಕ್ ಲಿಸ್ಟಿನಲ್ಲಿ ಹೆಸರು ಬಂದಾಗ ಮಹೇಶ್ವರರು ಪರಿಚಯದವರಿಗೆಲ್ಲ ಲಡ್ಡು ಹಂಚಿದರು. ಆದರೆ ಲಿಸ್ಟಿನಲ್ಲಿ ಹೆಸರು ಬರುವುದಕ್ಕೂ ಕೆಲಸ ಸಿಗುವುದಕ್ಕೂ ನಡುವೆ ಕಾಯುವ ಕಾಲವೊಂದಿದೆ. ಆ ಕಾಲದಲ್ಲೇ ಮಹೇಶ್ವರರ ಸೊಂಟ ಕೈಕೊಟ್ಟಿತು. ಡಾಕ್ಟರು ಕಾರಿನಲ್ಲಿ ಕೂರಬಾರದೆಂದರು. ಸಹಾಯಕ್ಕಿದ್ದ ಪ್ರವೀತ್ ಒಬ್ಬನೇ. ಬೇರೆ ದಾರಿಯಿಲ್ಲದೆ, ತಮಗೆ ಹಿತವಾಗದಿದ್ದರೂ ಓಡಿಸಲು ಕಲಿತು ಲೈಸೆನ್ಸ್ ತೆಗೆದಿದ್ದ ಮಗಳನ್ನು ಕರೆದು, "ಶಾಲೆಗೆ ಸೇರುವ ಮೆಮೋ ಬರುವವರೆಗೆ ಮಾತ್ರ ಆಯ್ತಾ" ಎಂದು ಕಾರಿನ ಕೀ ಕೊಟ್ಟರು.

ಹಾಗೆ ಬಂದ ವಿಜೇತಾಳನ್ನು ಕಲಿಯಲು ಬರುವ ಹೆಂಗಸರು ಮೊದಲ ವಾರದಿಂದಲೇ 'ಟೀಚರ್' ಎಂದು ಕರೆಯತೊಡಗಿದರು. ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಅವಳು ಟೀಚರಾದಳು.

ಅವಳಿಗೆ ಸಿಕ್ಕವರಲ್ಲಿ ಉಪ್ಪಳದ ನಬೀಸುಮ್ಮ ಕಲಿಸಲು ಎಲ್ಲರಿಗಿಂತ ಕಷ್ಟದವರು. ಐವತ್ತು ದಾಟಿದ ಹೆಂಗಸು. ಗಂಡ ಕೋಯ ಅವರಿಗೆ ಪಾರ್ಶ್ವವಾಯು ಬಡಿದು ಎಡಭಾಗ ಬಿದ್ದುಹೋಗಿತ್ತು. ಮಕ್ಕಳು ಇಬ್ಬರೂ ಗಲ್ಫಿನಲ್ಲಿ. ಮನೆಯ ಪೋರ್ಟಿಕೋದಲ್ಲಿ ಹೊಸ ಕಾರು ಬಟ್ಟೆ ಹೊದ್ದು ಮಲಗಿತ್ತು. ವ್ಯಾಯಾಮ ಮಾಡಿಸಲು ಗಂಡನನ್ನು ಆಸ್ಪತ್ರೆಗೆ ಕರೆದೊಯ್ಯುವಾಗಲೆಲ್ಲ ಯಾರ್‍ಯಾರನ್ನೋ ಬೇಡಬೇಕಾಗುತ್ತಿತ್ತು. ಒಂದೆರಡು ಡ್ರೈವಿಂಗ್ ಸ್ಕೂಲಿನವರು ಈ ಪ್ರಾಯದಲ್ಲಿ ಬೇಡ ಎಂದು ಅವರನ್ನು ವಾಪಸು ಕಳಿಸಿದ್ದರು. ಮಹೇಶ್ವರರೂ ಮೊದಲ ದಿನವೇ ಮಗಳಿಗೆ ಹೇಳಿದರು, "ಇದು ಆಗುವ ಕೇಸಲ್ಲ."

ನಬೀಸುಮ್ಮ ಸ್ಟೇರಿಂಗ್ ಮುಂದೆ ಕೂತರೆ ಸಾಕು, ಕಣ್ಣು ಮುಚ್ಚಿಬಿಡುತ್ತಿದ್ದರು.

"ಕಾಲು ನಡುಗ್ತದೆ ಮೋಳೇ, ಎಂತ ಮಾಡುದು?" ಮಗಳೇ ಎನ್ನುವುದಕ್ಕೆ ಅವರ ಮಾತಿನಲ್ಲಿ 'ಮೋಳೇ'.

"ನಡುಗಲಿ. ಇವತ್ತು ನಿಮ್ಮ ಕಾಲಿಗೆ ಕೆಲಸ ಇಲ್ಲ. ಈಚೆ ಬನ್ನಿ, ನಾನು ಓಡಿಸ್ತೇನೆ. ಎಲ್ಲಿ ಬ್ರೇಕ್ ಹಾಕ್ಬೇಕು, ಎಲ್ಲಿ ತಿರುಗಿಸ್ಬೇಕು ಅಂತ ನೀವು ಹೇಳ್ಬೇಕು. ನೀವು ಹೇಳದೆ ನಾನು ಎಂತದೂ ಮಾಡುದಿಲ್ಲ."

"ಅಯ್ಯೋ, ಗುದ್ದಿದರೆ?"

"ಗುದ್ದುವ ಮೊದಲೇ ಹೇಳಿ, ಅಷ್ಟೇ."

ಹಾಗೆ ಇಬ್ಬರೂ ಒಳರಸ್ತೆಗಳಲ್ಲಿ ಸುತ್ತಿದರು. ನಬೀಸುಮ್ಮ ಮೊದಮೊದಲು ಮೆಲ್ಲಗೆ, ಆಮೇಲೆ ಮನೆಯಲ್ಲಿ ಮಕ್ಕಳನ್ನು ಗದರಿಸುವ ದನಿಯಲ್ಲಿ, "ನಿಲ್ಲಿಸು! ಆಟೋ ಬರ್ತಾ ಉಂಟು, ಕಾಣುದಿಲ್ವಾ?" ಎನ್ನತೊಡಗಿದರು. ಕೆಲವು ದಿನ ಹೀಗೇ ಕಳೆದ ಮೇಲೆ ಅವರೇ ಒಮ್ಮೆ, "ನೀನು ಸರಿ ಓಡಿಸುದಿಲ್ಲ, ಇಲ್ಲಿ ಕೊಡು" ಎಂದು ಸ್ಟೇರಿಂಗ್ ಹಿಡಿದರು. ಕಣ್ಣು ಮುಚ್ಚಲಿಲ್ಲ.

ಆದರೆ ರಸ್ತೆಯಲ್ಲಿ ಓಡಿಸಿದರೆ ಸಾಲದು, ಲೈಸೆನ್ಸಿಗೆ 'ಎಚ್' ತೆಗೆಯಬೇಕು. ಮೈದಾನದಲ್ಲಿ ಇಂಗ್ಲಿಷಿನ ಆ ಅಕ್ಷರದ ಆಕಾರಕ್ಕೆ ಕಂಬ ನೆಟ್ಟಿರುತ್ತಾರೆ. ಅವುಗಳ ನಡುವೆ ಕಾರನ್ನು ಮುಂದಕ್ಕೂ ಹಿಂದಕ್ಕೂ ತಂದು ತೋರಿಸಬೇಕು. ಕಂಬಕ್ಕೆ ತಾಗಿದರೆ ಫೇಲು. ನಬೀಸುಮ್ಮ ಒಮ್ಮೆ ಫೇಲಾದರು, ಇನ್ನೊಮ್ಮೆಯೂ ಫೇಲಾದರು. ಮತ್ತೆ ಅಭ್ಯಾಸ ಶುರುವಾಗುವ ಹೊತ್ತಿಗೆ ವಿಜೇತಾಳ ಮೆಮೋ ಬಂತು.

ಅವಳು ಖುಷಿಯಿಂದಲೇ ಶಾಲೆಗೆ ಸೇರಿದಳು ಎಂಬುದನ್ನು ಹೇಳಬೇಕು. ನೆಕ್ರಾಜೆಯ ಆಚೆ, ಬಸ್ಸಿಳಿದು ಏರು ಹತ್ತಿ ಹೋಗಬೇಕಾದ ಪುಟ್ಟ ಶಾಲೆ. ಮಕ್ಕಳು ಮನೆಯಲ್ಲಿ ತುಳು, ಬ್ಯಾರಿ, ಮಲಯಾಳ ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿಯುತ್ತಿದ್ದರು. ಹೆಡ್ ಟೀಚರ್ ಶಂಕರಿಯವರು ಹೊಸಬಳನ್ನು ತಂಗಿಯಂತೆ ನೋಡಿಕೊಂಡರು. ಸಂಜೆ ಮನೆಗೆ ಬಂದರೆ ಮಹೇಶ್ವರರು ಗೇಟಿನ ಬಳಿಯೇ ಕಾದಿರುತ್ತಿದ್ದರು. "ಇವತ್ತು ಎಂತ ಪಾಠ?" ಎಂದು ಕೇಳುವುದೇ ಅವರ ಸಂಭ್ರಮ. ಸಂಬಂಧವೊಂದೂ ಕೂಡಿಬಂತು. ಯತಿನ್ ಎಂಬ ಬ್ಯಾಂಕ್ ಉದ್ಯೋಗಿ, ಒಳ್ಳೆಯ ಮನೆತನ. ಹುಡುಗಿ ಸರಕಾರಿ ಟೀಚರ್ ಎಂದು ಅವರ ಕಡೆಯವರಿಗೂ ಸಂತೋಷ.

ಒಂದು ಭಾನುವಾರ ಅವಳು ಉಪ್ಪಳಕ್ಕೆ ಹೋದವಳು ಹಾಗೇ ನಬೀಸುಮ್ಮನ ಮನೆ ಹೊಕ್ಕಳು. ಪೋರ್ಟಿಕೋದಲ್ಲಿ ಕಾರು ಮತ್ತೆ ಬಟ್ಟೆ ಹೊದ್ದಿತ್ತು.

"ಕ್ಲಾಸಿಗೆ ಹೋಗ್ತಾ ಇದ್ದೀರಲ್ಲ ಉಮ್ಮಾ?"

"ಇಲ್ಲ ಮೋಳೇ. ಬಿಟ್ಟೆ." ನಬೀಸುಮ್ಮ ಚಹಾ ತಂದಿಟ್ಟು ಎದುರು ಕೂತರು. "ಪ್ರವೀತ್ ಒಳ್ಳೆ ಹುಡುಗನೇ. ಆದರೆ ಅವನು ಜೋರು ಮಾಡುವಾಗ ನನಗೆ ಬ್ರೇಕ್ ಯಾವುದು, ಕ್ಲಚ್ ಯಾವುದು ಅಂತ ಮರ್‍ತೇ ಹೋಗ್ತದೆ. ಇನ್ನು ಬೇಡ. ನೀನು ಕಲಿಸಿದ್ದು ಅಷ್ಟು ಸಾಕು."

ಒಳಗಿನ ಮಂಚದಿಂದ ಕೋಯ ಅವರು ತೊದಲುತ್ತ ಏನೋ ಹೇಳಿದರು. ನಬೀಸುಮ್ಮ ನಾಚಿಕೊಂಡು ಅದನ್ನು ಬಿಡಿಸಿ ಹೇಳಿದರು: "ನಾನು ಓಡಿಸುವ ಕಾರಿನಲ್ಲಿ ಕೂರುವ ಆಸೆ ಇತ್ತು ಅಂತಾರೆ ಇವರು."

ವಾಪಸು ಬರುವ ಬಸ್ಸಿನಲ್ಲಿ ವಿಜೇತಾಳ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಮನೆಗೆ ಬಂದು ಡ್ರೈವಿಂಗ್ ಸ್ಕೂಲಿನ ವಿಷಯ ಕೆದಕಿದಾಗ ಇನ್ನೊಂದು ಸಂಗತಿ ತಿಳಿಯಿತು: ಅವಳು ಹೋದ ಮೇಲೆ ಹೆಂಗಸರ ಬ್ಯಾಚೇ ನಿಂತುಹೋಗಿತ್ತು. ಮಹೇಶ್ವರರು ಸ್ಕೂಲನ್ನು ಕಾಸರಗೋಡಿನ ಇನ್ನೊಬ್ಬರಿಗೆ ಮಾರುವ ಮಾತು ಮುಗಿಸಿದ್ದರು. ಸಹಿ ಹಾಕುವುದಷ್ಟೇ ಬಾಕಿ.

ಅವಳು ಆ ವಾರವೆಲ್ಲ ಶಾಲೆಗೆ ಹೋದಳು. ಮಕ್ಕಳಿಗೆ ಕಾಗುಣಿತ ಬರೆಸಿದಳು. ಬರೆಸುತ್ತ ಬರೆಸುತ್ತ ಯೋಚಿಸಿದಳು. ಶನಿವಾರ ಮಧ್ಯಾಹ್ನ ಊಟ ಆದ ಮೇಲೆ ಅಪ್ಪನ ಎದುರು ನಿಂತು ಹೇಳಿದಳು.

"ಅಪ್ಪ, ಸ್ಕೂಲು ಮಾರ್ಬೇಡಿ. ನಾನು ನಡೆಸ್ತೇನೆ."

"ಭಾನುವಾರ ಮಾತ್ರ ನಡೆಸ್ಲಿಕ್ಕೆ ಅದೇನು ಭಜನಾ ಮಂದಿರವಾ?"

"ಭಾನುವಾರ ಅಲ್ಲ. ನಾನು ಶಾಲೆ ಬಿಡ್ತೇನೆ."

ಮಹೇಶ್ವರರಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಅವರ ಮುಖ ಕೆಂಪಾಯಿತು. "ಜನ ಈ ಕೆಲಸ ಸಿಗ್ಲಿ ಅಂತ ಹರಕೆ ಹೊರ್‍ತಾರೆ. ನಿನಗೆ ತಲೆ ಸರಿ ಉಂಟಾ? ನಾನು ಬಿಸಿಲಲ್ಲಿ ಸತ್ತದ್ದು ಯಾಕೆ? ನೀನೂ ಅದೇ ಬಿಸಿಲಿಗೆ ಬರ್ಲಿಕ್ಕಾ?"

"ಅಪ್ಪ, ಆ ಪೋಸ್ಟಿಗೆ ಲಿಸ್ಟಿನಲ್ಲಿ ನನ್ನ ಹಿಂದೆ ಜನ ಇದ್ದಾರೆ. ನಾಳೆ ನಾನು ಬಿಟ್ಟರೆ ನನ್ನಷ್ಟೇ ಒಳ್ಳೆಯವಳು ಇನ್ನೊಬ್ಬಳು ಬರ್ತಾಳೆ, ಆ ಮಕ್ಕಳಿಗೆ ಎಂತದೂ ಕಮ್ಮಿ ಆಗುದಿಲ್ಲ. ಇಲ್ಲಿ ನನ್ನ ಹಿಂದೆ ಯಾರು ಇದ್ದಾರೆ?"

"ಯಾರೂ ಇಲ್ಲದಿದ್ದರೆ ಬೇಡ. ಹೆಂಗಸರು ಕಾರು ಓಡಿಸದೆ ಯಾರಿಗೂ ಎಂತದೂ ಆಗ್ಲಿಲ್ಲ."

ಅಮ್ಮ ದಮಯಂತಿ ಅಷ್ಟು ಹೊತ್ತು ತಟ್ಟೆ ಎತ್ತುತ್ತಿದ್ದವರು ನಿಂತರು. ಗಂಡನ ಮಾತಿಗೆ ಎದುರಾಡಿದವರಲ್ಲ. ಈಗಲೂ ದನಿ ಏರಿಸಲಿಲ್ಲ.

"ನನಗೆ ಆಯ್ತು," ಅಂದರು. "ಡ್ರೈವಿಂಗ್ ಸ್ಕೂಲಿನವರ ಹೆಂಡತಿ ನಾನು. ನನ್ನ ಅಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂದ ದಿನ ನೀವು ಟೆಸ್ಟಿಗೆ ಹೋಗಿದ್ರಿ. ಕಾರು ಅಂಗಳದಲ್ಲೇ ಇತ್ತು. ಅದರ ಹತ್ತಿರ ನಿಂತು ಬಸ್ಸಿನ ಹೊತ್ತು ಕಾದೆ. ಹೋಗಿ ಮುಟ್ಟುವಾಗ ಅಮ್ಮನಿಗೆ ಮಾತು ನಿಂತಿತ್ತು. ಊರಿನ ಹೆಂಗಸರಿಗೆಲ್ಲ ಕಲಿಸಿದ್ರಿ. ನಿನಗೆ ಬೇಕಾ ಅಂತ ನನ್ನತ್ರ ಕೇಳ್ಲಿಲ್ಲ. ಬೇಕು ಅಂತ ನಾನೂ ಹೇಳ್ಲಿಲ್ಲ."

ಅವರು ತಟ್ಟೆ ತೆಗೆದುಕೊಂಡು ಒಳಗೆ ಹೋದರು. ಮಹೇಶ್ವರರು ಸೋಮವಾರ ಕಾಸರಗೋಡಿನವರಿಗೆ ಫೋನು ಮಾಡಿ, ಸದ್ಯಕ್ಕೆ ಮಾರುವುದಿಲ್ಲ ಎಂದರು. ಮಗಳಿಗೆ 'ಸರಿ' ಎಂದೂ ಹೇಳಲಿಲ್ಲ.

ವಿಜೇತಾ ವರ್ಷದ ಪಾಠ ಪೂರ್ತಿ ಮುಗಿಸಿ ರಾಜೀನಾಮೆ ಕೊಟ್ಟಳು. ಶಂಕರಿ ಟೀಚರ್ ಅವಳ ಕೈ ಹಿಡಿದುಕೊಂಡು, "ಇನ್ನೊಮ್ಮೆ ಯೋಚನೆ ಮಾಡು ಮಾರಾಯ್ತಿ" ಎಂದು ಅತ್ತರು. ಊರಲ್ಲಿ ಬಾಯಿಗೊಂದು ಮಾತು. ಶಾಲೆಯಲ್ಲಿ ಏನೋ ತಪ್ಪು ಮಾಡಿರಬೇಕು ಎಂದವರೂ ಇದ್ದರು. ಯತಿನ್ ಮನೆಯವರು ಮರ್ಯಾದೆಯಿಂದಲೇ ಹಿಂದೆ ಸರಿದರು. ಅದರಿಂದ ಅವಳಿಗೆ ನೋವಾಯಿತು. ಹುಡುಗ ಅವಳಿಗೆ ಹಿಡಿಸಿದ್ದ. ಅಮ್ಮನ ಮುಂದೆ ಒಂದಿಷ್ಟು ಅತ್ತು, ಮುಖ ತೊಳೆದು, ಸಂಜೆಯ ಬ್ಯಾಚಿಗೆ ಹೋದಳು.

ಅವಳು ಮೊದಲು ಮಾಡಿದ ಕೆಲಸ ಉಪ್ಪಳಕ್ಕೆ ಹೋಗಿ ಆ ಕಾರಿನ ಬಟ್ಟೆ ತೆಗೆದದ್ದು. ನಬೀಸುಮ್ಮ ಬೈದರು, ಅಳುತ್ತಲೇ ನಕ್ಕರು, ಕಡೆಗೆ ಬುರ್ಖಾ ಹಾಕಿಕೊಂಡು ಬಂದು ಕೂತರು. ಬಿಸಿಲೇರುವ ಮೊದಲು ಮೈದಾನದಲ್ಲಿ ಕಂಬ ನೆಟ್ಟು ಇಬ್ಬರೂ ಹಿಂದೆ ಮುಂದೆ ಹೋದರು. ಕಂಬ ಬಿದ್ದಾಗಲೆಲ್ಲ ವಿಜೇತಾಳೇ ಇಳಿದು ಎತ್ತಿ ನಿಲ್ಲಿಸುತ್ತಿದ್ದಳು. ಒಮ್ಮೆಯೂ ದನಿ ಏರಲಿಲ್ಲ. ಟೆಸ್ಟಿನ ದಿನ ಇನ್ಸ್‌ಪೆಕ್ಟರು ಪಾಸ್ ಎಂದಾಗ ನಬೀಸುಮ್ಮನಿಗೆ ನಂಬಿಕೆಯಾಗಲಿಲ್ಲ. "ಸರಿ ನೋಡಿದ್ದೀರಾ ಸಾರ್?" ಎಂದು ಅವರನ್ನೇ ಕೇಳಿದರು. ಮುಂದಿನ ವಾರ ಕೋಯ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಆಸ್ಪತ್ರೆಗೆ ಹೊರಟರು. ಗಂಡ ದಾರಿಯುದ್ದಕ್ಕೂ ಒಳ್ಳೆಯ ಕೈಯಿಂದ ಬಾಗಿಲಿನ ಹಿಡಿ ಬಿಡಲೇ ಇಲ್ಲವೆಂದು ಆಮೇಲೆ ಅವರೇ ಹೇಳಿ ನಕ್ಕರು.

ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಬೇರೆಡೆ ಹೆದರಿ ಬಿಟ್ಟವರು, ಪ್ರಾಯವಾಯಿತೆಂದು ಬೈಸಿಕೊಂಡವರು, ಮೂರು ಮಕ್ಕಳ ತಾಯಂದಿರು, ಪಂಚಾಯತು ಮೆಂಬರು, ಆಶಾ ಕಾರ್ಯಕರ್ತೆ, ಎಲ್ಲ ವಿದ್ಯಾನಗರಕ್ಕೆ ಬಂದರು. ವಿಜೇತಾ ದೊಡ್ಡ ವಾಹನದ ಲೈಸೆನ್ಸೂ ತೆಗೆದಳು. ಅವಳಲ್ಲಿ ಕಲಿತ ರಂಶೀನಾ ಈಗ ಅಲ್ಲೇ ಕಲಿಸುತ್ತಾಳೆ. ಪ್ರವೀತನೂ ಬಿಟ್ಟು ಹೋಗಲಿಲ್ಲ. ಮೊದಲಿನಷ್ಟು ಜೋರಿಲ್ಲ. ದಮಯಂತಿಯನ್ನು ಮಗಳು ಎಷ್ಟೋ ಸಲ ಕರೆದಳು. "ಈಗ ಮೊಣಕಾಲು ಬಗ್ಗುದಿಲ್ಲ ಮಗಾ, ನನ್ನನ್ನು ಬಿಡು" ಎಂದು ಅವರು ಒಪ್ಪಲೇ ಇಲ್ಲ. ಕೆಲವು ಸಂಗತಿಗಳಿಗೆ ಹೊತ್ತು ಮೀರಿರುತ್ತದೆ ಎಂಬುದನ್ನು ವಿಜೇತಾ ಒಪ್ಪಿಕೊಂಡಳು.

ಮಹೇಶ್ವರರು ಮಾತ್ರ ಬಹಳ ಕಾಲ ಸ್ಕೂಲಿನ ಕಡೆ ತಲೆಹಾಕಲಿಲ್ಲ. ಕಳೆದ ಮಳೆಗಾಲದಲ್ಲಿ ಪ್ರವೀತನೂ ರಂಶೀನಾಳೂ ಒಟ್ಟಿಗೇ ಜ್ವರ ಹಿಡಿದು ಮಲಗಿದರು. ಕಲಿಯುವವರು ಕೊಡೆ ಹಿಡಿದುಕೊಂಡು ಕಾಯುತ್ತಿದ್ದರು. ಮಹೇಶ್ವರರು ಆಟೋದಲ್ಲಿ ಬಂದಿಳಿದರು. ಸೊಂಟ ಆಗ ಎಷ್ಟೋ ವಾಸಿಯಾಗಿತ್ತು. ಮೇಜಿನ ಮೇಲಿದ್ದ ಕೀ ತೆಗೆದುಕೊಂಡು ಒಬ್ಬಳನ್ನು ಕರೆದೊಯ್ದರು. ಅವರು ವಾಪಸು ಬರುವಾಗ ಆ ಹುಡುಗಿಯ ಕಣ್ಣಲ್ಲಿ ನೀರಿತ್ತು.

ವಿಜೇತಾ ಅವಳಿಗೆ ನೀರು ಕೊಟ್ಟು ಕೂರಿಸಿ, ಅಪ್ಪನನ್ನು ಹೊರಗೆ ಕರೆದಳು.

"ಅಪ್ಪ, ಇಲ್ಲಿ ಬೈಲಿಕ್ಕಿಲ್ಲ."

"ಬೈಯದೆ ಕಲಿಯುದು ಹೇಗೆ?"

"ಅದು ನಾನು ತೋರಿಸ್ತೇನೆ. ಹಿಂದಿನ ಸೀಟಿನಲ್ಲಿ ಕೂತ್ಕೊಳ್ಳಿ. ಬಾಯಿ ಬಿಡ್ಲಿಕ್ಕಿಲ್ಲ."

ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಮನುಷ್ಯ ಮಗಳ ಮಾತು ಕೇಳಿ ಹಿಂದಿನ ಸೀಟಿನಲ್ಲಿ ಕೂತರು. ಅದೇ ಹುಡುಗಿ ಸ್ಟೇರಿಂಗ್ ಹಿಡಿದಳು, ಪಕ್ಕದಲ್ಲಿ ವಿಜೇತಾ. ಮಳೆ ಜೋರಾಗಿ ಬರುತ್ತಿತ್ತು. ಏರಿನಲ್ಲಿ ಗಾಡಿ ನಿಂತುಹೋಗಿ ಹಿಂದೆ ಬಸ್ಸು ಹಾರ್ನ್ ಹೊಡೆಯಿತು. ಮಹೇಶ್ವರರು ಬಾಯಿ ತೆರೆದರು, ಮತ್ತೆ ಮುಚ್ಚಿದರು. "ಬಸ್ಸಿನವನಿಗೆ ಅವಸರ, ನಮಗಿಲ್ಲ" ಅಂದಳು ವಿಜೇತಾ. ಹುಡುಗಿ ಉಸಿರೆಳೆದು ಗಾಡಿ ಸ್ಟಾರ್ಟ್ ಮಾಡಿ ಏರು ಹತ್ತಿಸಿದಳು.

ಸಂಜೆ ಕೋಣೆಗೆ ಬೀಗ ಹಾಕುವಾಗ ಮಹೇಶ್ವರರು ಕೊಡೆ ಬಿಡಿಸುತ್ತ ನಿಂತಿದ್ದರು.

"ನಾಳೆ ನನಗೆ ಯಾವ ಬ್ಯಾಚು?" ಎಂದು ಕೇಳಿದರು.

"ಬೆಳಿಗ್ಗಿನದ್ದು," ಅಂದಳು ವಿಜೇತಾ. "ಬೇಗ ಬನ್ನಿ."