ಹತ್ತನೇ ಬಿ ತರಗತಿಯ ಹಾಜರಿ ಚೀಟಿ

ಕುಂಡುಜ್ ಈಗ ನಮ್ಮ ಬಡಾವಣೆಯ ಆಸ್ಪತ್ರೆಯಲ್ಲಿ, ಹೆಸರು ಬರೆದುಕೊಳ್ಳುವ ಕಿಟಕಿಯ ಹಿಂದೆ ಕೂರುತ್ತಾಳೆ. ವಯಸ್ಸು ಇಪ್ಪತ್ತೆಂಟು. ಮಂಡಿನೋವೆಂದು ನಾನು ಹೋದಾಗಲೆಲ್ಲ ಎದ್ದು ನಿಂತು ಸಲಾಮು ಹೇಳುತ್ತಾಳೆ, ನನ್ನ ಕಾರ್ಡು ಹುಡುಕಿ ಕೊಡುತ್ತಾಳೆ, ಮುಖ ಮಾತ್ರ ನೋಡುವುದಿಲ್ಲ. ಸಾಲಿನಲ್ಲಿ ನಿಂತ ಹೆಂಗಸರು ಎಂಥ ಮರ್ಯಾದೆಯ ಹುಡುಗಿ ಎಂದು ಹೊಗಳುತ್ತಾರೆ. ಅದನ್ನು ಕೇಳಿದರೆ ನನಗೆ ಅಲ್ಲಿಂದ ಓಡಿಹೋಗೋಣ ಎನಿಸುತ್ತದೆ.

ಹನ್ನೆರಡು ವರ್ಷದ ಹಿಂದೆ ಅವಳನ್ನು ಕ್ಲಾಸ್ ಲೀಡರ್ ಮಾಡಿದವಳು ನಾನೇ. ನಾನು ಗಣಿತದ ಟೀಚರು ತುರ್ಸುನೈ ಎಜೆ, ಎಂದರೆ ತುರ್ಸುನೈ ಅಕ್ಕ, ಹತ್ತನೇ ಬಿ ನನ್ನ ತರಗತಿ. ಆರಿಸಲು ದೊಡ್ಡ ಕಾರಣವೇನೂ ಇರಲಿಲ್ಲ, ಅವಳ ಅಕ್ಷರ ದುಂಡಗಿತ್ತು, ಹೇಳಿದ್ದನ್ನು ಮಾಡುತ್ತಿದ್ದಳು. ದಿನಾ ಬೆಳಿಗ್ಗೆ ತಲೆ ಎಣಿಸಿ, ಬಾರದವರ ಹೆಸರನ್ನು ಚೀಟಿಯಲ್ಲಿ ಬರೆದು ಉಪಮುಖ್ಯಸ್ಥೆಯ ಕೋಣೆಗೆ ಕೊಡುವುದು ಲೀಡರ್ ಕೆಲಸ. ಸಾಲದೆಂದು ಆ ವರ್ಷ ಶಾಲೆಯ ವಿದ್ಯಾರ್ಥಿ ಸಂಸತ್ತಿನಲ್ಲಿ ಅವಳಿಗೆ ಆರೈಕೆ ಖಾತೆಯನ್ನೂ ಕಟ್ಟಿದರು. ಕಷ್ಟದಲ್ಲಿರುವ ಸಹಪಾಠಿಗಳ ಮಾತು ಕೇಳಬೇಕು, ಜೊತೆಗಿರಬೇಕು. ಹುಡುಗರು ಅವಳನ್ನು ಮಿನಿಸ್ಟ್ರಮ್ಮ ಎಂದು ಕಾಡುತ್ತಿದ್ದರು. ಅವಳು ಮಾತ್ರ ಆ ಖಾತೆಯನ್ನು ನಿಜವೆಂದೇ ನಂಬಿಬಿಟ್ಟಳು.

ನಮ್ಮದು ರಾಜಧಾನಿ ಬಿಷ್ಕೆಕ್ ಊರಾಚೆಯ ಹೊಸ ಬಡಾವಣೆ. ಎಲ್ಲೆಲ್ಲಿಂದಲೋ ಬೆಟ್ಟ ಇಳಿದು ಬಂದವರು, ಪಕ್ಕದ ಮನೆಯವರ ಹೆಸರು ಪಕ್ಕದವರಿಗೆ ಗೊತ್ತಿಲ್ಲ. ಕುಂಡುಜ್‌ಳ ಪಕ್ಕದಲ್ಲಿ ಕೂರುತ್ತಿದ್ದ ಜಿಪಾರ್‌ಳ ತಂದೆ ತಾಯಿ ಮಾಸ್ಕೋದಲ್ಲಿ ಕೂಲಿಗಿದ್ದರು. ಜೊತೆಗಿದ್ದ ಅಜ್ಜಿ ಸೆಪ್ಟೆಂಬರಿನಲ್ಲಿ ತೀರಿಕೊಂಡಳು. ಆಮೇಲೆ ಆ ಮನೆಯಲ್ಲಿ ಉಳಿದವರು ಜಿಪಾರ್ ಮತ್ತು ನಾಲ್ಕನೇ ತರಗತಿಯ ತಮ್ಮ ಎಲ್‌ದೋಸ್ ಇಬ್ಬರೇ. ಶಾಲೆಗೆ ಕೊಟ್ಟ ಕಾಗದದಲ್ಲಿ ಸೋದರಮಾವ ಜೊತೆಗಿದ್ದಾನೆ ಎಂದಿತ್ತು. ಅಂಥ ಮಾವ ಯಾರೂ ಇರಲಿಲ್ಲ.

ನೀರು ಹೊರುವುದು, ಒಲೆ ಹಚ್ಚುವುದು, ಬಟ್ಟೆ ಒಗೆಯುವುದು ಎಂದು ಜಿಪಾರ್ ವಾರಕ್ಕೆ ಒಂದೆರಡು ದಿನ ತಪ್ಪಿಸುತ್ತಿದ್ದಳು. ತಿಂಗಳಲ್ಲಿ ಮೂರು ದಿನ ತಪ್ಪಿದರೆ ಮಕ್ಕಳ ಯೋಗಕ್ಷೇಮ ನೋಡುವ ಟೀಚರು ಮನೆ ಬಾಗಿಲಿಗೆ ಹೋಗುತ್ತಾರೆ. ಅಕ್ಟೋಬರಿನಲ್ಲಿ ಒಂದು ದಿನ ನನ್ನ ಎಣಿಕೆಗೆ ಇಪ್ಪತ್ತೇಳು ತಲೆ ಸಿಕ್ಕವು, ಚೀಟಿಯಲ್ಲಿ ಇಪ್ಪತ್ತೆಂಟೂ ಹಾಜರು. ಕುಂಡುಜ್‌ಳನ್ನು ಹೊರಗೆ ಕರೆದೆ.

"ಮಾರ್ಚಿನ ನೌರುಜ್ ಹಬ್ಬದವರೆಗೆ ಅಷ್ಟೇ ಎಜೆ," ಎಂದಳು. "ಅಷ್ಟೊತ್ತಿಗೆ ಅವರಮ್ಮ ಬಂದ್ಬಿಡ್ತಾರೆ. ಮನೇಲಿ ಇಬ್ರೇ ಇರೋದು ಈಗ ಗೊತ್ತಾದ್ರೆ ಅನಾಥ ಮಕ್ಕಳ ಮನೆಗೆ ಹಾಕ್ತಾರೆ, ಎಲ್‌ದೋಸ್‌ನ ಒಂದ್ ಕಡೆ, ಇವಳನ್ನ ಒಂದ್ ಕಡೆ. ನಾನು ದಿನಾ ಸಂಜೆ ಹೋಗಿ ನೋಡ್ಕೊಂಡು ಬರ್ತೀನಲ್ಲ."

"ನಾನೇನೂ ನೋಡಿಲ್ಲ, ಹೋಗು," ಎಂದೆ.

ಕರುಣೆ ಎಂದುಕೊಳ್ಳಬೇಡಿ. ಸ್ವಲ್ಪ ಕರುಣೆಯೂ ಇತ್ತು, ಇಲ್ಲವೆನ್ನಲಾರೆ. ಆದರೆ ಪೂರ್ತಿ ಹಾಜರಿಯ ತರಗತಿಗೆ ತಿಂಗಳಿಗೊಮ್ಮೆ ಒಂದು ಕೆಂಪು ಬಾವುಟ ಕೊಡುತ್ತಿದ್ದರು, ಸೆಪ್ಟೆಂಬರಿನದು ನನ್ನ ಕಪ್ಪು ಹಲಗೆಯ ಮೇಲಿತ್ತು. ಅದನ್ನು ಪಕ್ಕದ ಹತ್ತನೇ ಎ ತರಗತಿಗೆ ಕೊಡಲು ನನಗೆ ಮನಸ್ಸಿರಲಿಲ್ಲ.

ಜನವರಿಯಲ್ಲಿ ಚಳಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯಿತು. ಬಡಾವಣೆಯ ಮೇಲೆ ಕಲ್ಲಿದ್ದಲ ಹೊಗೆ ಕದಲದೆ ಕೂತಿತು, ಹಗಲಲ್ಲೂ ದೀಪ ಹಚ್ಚಿ ಪಾಠ ಮಾಡುತ್ತಿದ್ದೆವು. ಜಿಪಾರ್ ಬಂದ ದಿನಗಳಲ್ಲೂ ತಲೆನೋವೆಂದು ಬೆಂಚಿಗೆ ಒರಗಿರುತ್ತಿದ್ದಳು, ಕೆನ್ನೆ ಕೆಂಪಗಿರುತ್ತಿದ್ದವು. ಹೊಟ್ಟೆಗೆ ಸರಿಯಾಗಿ ತಿನ್ನು ಎಂದು ಬೈದೆ. ಒಂದು ಬೆಳಿಗ್ಗೆ ಎಲ್‌ದೋಸ್ ಶಾಲೆಯ ಪಡಸಾಲೆಯಲ್ಲಿ ವಾಂತಿ ಮಾಡಿಕೊಂಡ. ಒರೆಸಲು ಬಂದ ಆಯಾ ಒಲೆ ಹೇಗೆ ಉರಿಸುತ್ತೀರಿ ಎಂದು ಕೇಳಿದಳಂತೆ. ಬಿಸಿ ಹೊರಗೆ ಹೋಗದಿರಲಿ ಅಂತ ಅಕ್ಕ ಬೇಗ ಹೊಗೆ ಕೊಳವೆ ಮುಚ್ಚುತ್ತಾಳೆ, ಇದ್ದಲು ಒದ್ದೆ ಪುಡಿ, ಎಂದನಂತೆ. ಹಾಗೆ ಮುಚ್ಚಬಾರದು, ವಿಷದ ಹೊಗೆ ಒಳಗೇ ನಿಲ್ಲುತ್ತದೆ ಎಂದು ಆಯಾ ಅವನಿಗೇ ಹೇಳಿದಳು. ಒಂಬತ್ತು ವರ್ಷದ ಹುಡುಗನಿಗೆ. ಆ ಮನೆಯಲ್ಲಿ ಹೇಳಲು ಬೇರೆ ದೊಡ್ಡವರಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಆಯಾ ಹೇಳಿದ್ದನ್ನು ಕೇಳಿ ತಲೆಯಾಡಿಸಿ, ಪರೀಕ್ಷೆಯ ಪತ್ರಿಕೆ ತಿದ್ದಲು ಕೂತೆ.

ಆ ಬುಧವಾರ ನಗರದಲ್ಲಿ ಎಲ್ಲ ಶಾಲೆಗಳ ವಿದ್ಯಾರ್ಥಿ ನಾಯಕರ ಸಭೆಯಿತ್ತು. ಕುಂಡುಜ್ ಮಾತಾಡಬೇಕಿತ್ತು, ಗೆಳೆಯರ ಕಷ್ಟವನ್ನು ಗುರುತಿಸುವುದು ಹೇಗೆ ಎಂಬ ವಿಷಯ. ಬಿಳಿ ಅಂಗಿ ಹಾಕಿಕೊಂಡು ಎಂಟು ಗಂಟೆಗೆ ಬಂದಳು. ಪಕ್ಕದ ಜಾಗ ಖಾಲಿಯಿತ್ತು. ಯಾವತ್ತಿನಂತೆ ಎಲ್ಲರೂ ಹಾಜರು ಎಂದು ಬರೆದು, ಚೀಟಿ ಕೊಟ್ಟು, ಉಪಮುಖ್ಯಸ್ಥೆಯ ಜೊತೆ ವ್ಯಾನು ಹತ್ತಿದಳು.

ಎಲ್‌ದೋಸ್‌ನ ಟೀಚರು ಎಳೆಯ ಹುಡುಗಿ, ಹೊಸದಾಗಿ ಸೇರಿದವಳು. ಅವನು ಬಂದಿಲ್ಲವೆಂದು ಅವಳಿಗೆ ಯಾಕೋ ಸಮಾಧಾನವಾಗಲಿಲ್ಲ, ಕೋಟು ಹಾಕಿಕೊಂಡು ಮನೆಗೇ ಹೋಗಿಬರೋಣವೆಂದು ಹೊರಟಿದ್ದಳು. ದಾರಿಯಲ್ಲಿ ಉಪಮುಖ್ಯಸ್ಥೆಯ ಕೋಣೆಗೆ ಇಣುಕಿ, ಅಕ್ಕ ಬಂದಿದ್ದಾಳೆಯೇ ಎಂದು ಚೀಟಿಗಳನ್ನು ನೋಡಿದಳು. ಹತ್ತನೇ ಬಿ, ಎಲ್ಲರೂ ಹಾಜರು. ಅಕ್ಕ ಶಾಲೆಗೆ ಬಂದಿದ್ದಾಳೆ ಎಂದರೆ ತಮ್ಮನಿಗೆ ನೆಗಡಿಯಿರಬೇಕು ಅಷ್ಟೇ. ಕೋಟು ತೆಗೆದು ತರಗತಿಗೆ ಮರಳಿದಳು. ಕೋಟು ತೋಳಿನ ಮೇಲೆ ಹಾಕಿಕೊಂಡಿದ್ದವಳಿಗೆ ಬಾಗಿಲಲ್ಲಿ ನಾನು ಎದುರಾದೆ. ಎಲ್ಲಿಗೆ ಹೊರಟಿದ್ದೆ ಎಂದು ಕೇಳಿದೆ, ಎಲ್ಲಿಗೂ ಇಲ್ಲ ಎಜೆ ಎಂದಳು. ನಾನೂ ಇನ್ನೊಂದು ಮಾತು ಕೇಳಲಿಲ್ಲ.

ಸಭೆ ಮುಗಿದು, ಮಂಜಿನಲ್ಲಿ ವ್ಯಾನು ತಡವಾಗಿ, ಅಂದು ಸಂಜೆ ಕುಂಡುಜ್‌ಗೆ ಆ ಮನೆಗೆ ಹೋಗಲಾಗಲಿಲ್ಲ. ಗುರುವಾರ ಬೆಳಿಗ್ಗೆ ಶಾಲೆಗೆ ಮುಂಚೆ ಹೋದಳು. ಜಿಪಾರ್ ಹೊಸ್ತಿಲಿಗೆ ಬಾಯಿ ಕೊಟ್ಟು ಬಿದ್ದಿದ್ದಳು, ಬಾಗಿಲ ಸಂದಿನ ಗಾಳಿ ಅವಳನ್ನು ಉಳಿಸಿತ್ತು. ಎಲ್‌ದೋಸ್ ಒಲೆಯ ಪಕ್ಕ ಕಂಬಳಿಯೊಳಗಿದ್ದ. ಅವನಿಗೆ ಬುಧವಾರ ಮಧ್ಯಾಹ್ನದವರೆಗೂ ಉಸಿರಿದ್ದಿರಬೇಕು ಎಂದು ವೈದ್ಯರು ಹೇಳಿದರು. ಬೆಳಿಗ್ಗೆಯೇ ಯಾರಾದರೂ ಹೋಗಿದ್ದರೆ, ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು.

ಹತ್ತು ದಿನದ ನಂತರ ಇಲಾಖೆಯಿಂದ ಮೂವರು ವಿಚಾರಣೆಗೆ ಬಂದರು. ಉದ್ದನೆಯ ಮೇಜಿನ ಮೇಲೆ ಬುಧವಾರದ ಚೀಟಿ ಇಟ್ಟಿದ್ದರು. ಕುಂಡುಜ್ ಕುರ್ಚಿಯಲ್ಲಿ ಕೂತಿರಲಿಲ್ಲ, ಕೂರು ಎಂದರೂ ನಿಂತೇ ಇದ್ದಳು. ನಾನು ಗೋಡೆಯ ಪಕ್ಕ ಇದ್ದೆ. ನನಗೆ ನಿವೃತ್ತಿಗೆ ಆರು ವರ್ಷ ಇತ್ತು. ಅವಳು ಒಂದು ಹೆಸರು ಹೇಳಿದ್ದರೆ ಸಾಕಿತ್ತು, ಹೇಳುತ್ತಾಳೆ ಎಂದೇ ನಾನು ಕಾದೆ. ಸುಳ್ಳೇಕೆ, ಹೇಳಿದರೆ ಅಲ್ಲಗಳೆಯಲು ಮಾತನ್ನೂ ಜೋಡಿಸಿಕೊಂಡಿದ್ದೆ.

"ನೀನು ಹೀಗೆ ಬರೀತಿದ್ದದ್ದು ಯಾರಿಗೆ ಗೊತ್ತಿತ್ತಮ್ಮ?" ಎಂದು ಮಧ್ಯದಲ್ಲಿ ಕೂತ ಹೆಂಗಸು ಕೇಳಿದಳು.

ಕುಂಡುಜ್ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅಕ್ಟೋಬರಿನಲ್ಲಿ ಜಿಪಾರ್‌ಳ ಬಗ್ಗೆ ಮಾತಾಡುವಾಗ ಇದ್ದಂಥದ್ದೇ ಕಾಳಜಿಯಿತ್ತು, ಈಗ ನಾನು ಅವಳು ಕಾಯಬೇಕಾದ ಇನ್ನೊಬ್ಬಳು ಎಂಬಂತೆ.

"ಯಾರಿಗೂ ಗೊತ್ತಿರ್ಲಿಲ್ಲ," ಎಂದಳು. "ನಾನೊಬ್ಳೇ."

ಆ ಹೆಂಗಸು ಬರೆದುಕೊಂಡು ನನ್ನತ್ತ ತಿರುಗಿದಳು. ತರಗತಿಯ ಶಿಕ್ಷಕಿಯಾಗಿ ನೀವೇನಾದರೂ ಹೇಳುವುದಿದೆಯೇ ಎಂದಳು.

ಇಲ್ಲ, ಎಂದೆ.