ಯಾರ ಹಾದಿ?

ಸುರಪುರದ ಕಾಲೇಜಿನಲ್ಲಿ ನಮಗೆ ಕನ್ನಡ ಕಲಿಸಿದ ಮೇಡಂ ಯಾವ ಪಾಠವನ್ನೂ ಒಂಟಿಯಾಗಿ ಓದಿಸಿದವರಲ್ಲ; ಅದರ ಪಕ್ಕ ಇನ್ನೊಂದೆರಡನ್ನು ಇಟ್ಟೇ ಓದಿಸುತ್ತಿದ್ದರು. ಯಾರು ಏನೇ ಹೇಳಲಿ, ಸೀಮೆಸುಣ್ಣದಿಂದ ಮೇಜು ಕುಟ್ಟಿ "ಎಲ್ಲದ? ತೋರಸ್ರಿ" ಎನ್ನುವುದು ಅವರ ರೂಢಿ.

ನಮ್ಮಲ್ಲಿ ಹಲವು ಹುಡುಗಿಯರಿಗೆ ಮನೆಯಲ್ಲಿ ಗಂಡು ನೋಡುತ್ತಿದ್ದ ವರ್ಷ ಅದು. ಒಂದು ದಿನ ಮೇಡಂ ಬೀಸುಕಲ್ಲಿನ ಹಾಡು, ಒಂದು ಕಥೆ, ಊರಿನ ಕಲಾವಿದರು ಬರೆದ ಹಳೆಯ ಚಿತ್ರವೊಂದರ ಪ್ರತಿ ತಂದರು. ಮೂರರಲ್ಲೂ ಬಾಗಿಲಲ್ಲಿ ನಿಂತ ಒಬ್ಬ ಹೆಂಗಸು.

"ಏನ್ ಮಾಡಾಕತ್ತಾಳ?"

"ಹಾದಿ ನೋಡಾಕತ್ತಾಳ್ರಿ."

"ಯಾರ ಹಾದಿ?"

"ಗಂಡನ ಹಾದಿರಿ."

"ಗಂಡ ಎಲ್ಲದಾನ? ತೋರಸ್ರಿ."

ಹುಡುಕಿದೆವು. ಹಾಡಿನಲ್ಲಿ ಆಕೆ ಕಟ್ಟಿಕೊಂಡ ರೊಟ್ಟಿಬುತ್ತಿ ಇತ್ತು, ಕಥೆಯಲ್ಲಿ ಆಕೆ ನಂದಿಸಿದ ಒಲೆ ಇತ್ತು. ಗಂಡ ಎಲ್ಲೂ ಇರಲಿಲ್ಲ. ಮೇಡಂ ಚಿತ್ರದ ಕೆಳತುದಿಗೆ ಬೆರಳಿಟ್ಟರು.

"ಕಾಲಾಗ ಚಪ್ಪಲಿ ಮೆಟ್ಟಿಕೊಂಡು ಯಾರರೆ ಮನ್ಯಾಗ ಕಾಯ್ತಾರೇನು? ಆಕಿ ಹೊಂಟಾಳ. ನೋಡಾಕತ್ತಿದ್ದು ತನ್ನ ಹಾದಿ."

ಅವರಿಗೆ ಯಾದಗಿರಿಗೆ ವರ್ಗವಾದಾಗ ಬಸ್ ನಿಲ್ದಾಣಕ್ಕೆ ಹೋಗಿ, "ನಿಮ್ಮ ಹಾದಿ ನೋಡ್ತಿರ್ತೀವ್ರಿ, ಮೇಡಂ" ಎಂದೆವು. ನಮ್ಮ ಕಡೆ ಜಗಳದಲ್ಲಷ್ಟೇ ಆಡುವ ಮಾತನ್ನು ಅವರು ಕಿಟಕಿಯಿಂದ ಹರಸುವಂತೆ ಹೇಳಿದರು.

"ಬ್ಯಾಡ. ನಿಮ್ಮ ಹಾದಿ ನೀವು ನೋಡ್ಕೋರಿ."